ಯುಗಾದಿಯ ವೀಳ್ಯ

ಬಂಗಾರಮ್ಮನ ಅಪ್ಪ ಜಟ್ಯ ಎಲೆಅಡಿಕೆ ಮುಟ್ಟುವವನಲ್ಲ. ಅಡಿಕೆಯ ಸೀಮೆಯಲ್ಲಿ ಹುಟ್ಟಿ, ಎಪ್ಪತ್ತರ ಹತ್ತಿರ ಬಂದರೂ ಬಾಯಿ ಕೆಂಪಾಗದ ಮನುಷ್ಯ ಎಂದರೆ ಜನ ಒಂದು ಸಲ ತಿರುಗಿ ನೋಡುತ್ತಿದ್ದರು. ಭದ್ರಾವತಿಯ ಕಾಗದನಗರದಲ್ಲಿ, ಕಾಗದ ಕಾರ್ಖಾನೆಯ ಬಿದಿರಿನ ಯಾರ್ಡಿನಲ್ಲಿ ಬಂಗಾರಮ್ಮನ ಜೊತೆ ಬಿದಿರು ಹೊರುವ ಹೆಂಗಸರು, "ನಿಮ್ಮಪ್ಪ ಯಾವ ಮಠದ ಸ್ವಾಮಿ ಮಾರಾಯ್ತಿ, ಮದುವೆ ಮನೇಲೂ ಎಲೆ ವಾಪಸ್ ಕೊಡ್ತಾನಲ್ಲ" ಎಂದು ಕೆಣಕುತ್ತಿದ್ದರು. ಅವಳು ನಕ್ಕು, ಸೊಂಟದ ಚೀಲದಿಂದ ತಾನೊಂದು ಎಲೆ ತೆಗೆದು ಸುಣ್ಣ ಸವರಿಕೊಳ್ಳುತ್ತಿದ್ದಳು. ಕಾರಣ ಅವಳಿಗೆ ಗೊತ್ತಿತ್ತು. ಯಾರ್ಡಿನಲ್ಲಿ ನಿಂತು ಹೇಳುವಂಥದ್ದಾಗಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಅವಳು ಅಪ್ಪನ ಗುಡಿಸಲಿಗೇ ಬಂದು ಸೇರಿದ್ದಳು. ಕಾಗದನಗರದ ಕ್ವಾರ್ಟರ್ಸುಗಳ ಸಾಲು ಮುಗಿದು, ಗಾಡಿದಾರಿಯಲ್ಲಿ ಒಂದಷ್ಟು ದೂರ ನಡೆದರೆ ಒಂದು ಬಯಲು. ಅಲ್ಲಿಯ ಮಣ್ಣು ಇವತ್ತಿಗೂ ಕಪ್ಪು. ಮಳೆಗಾಲದಲ್ಲಿ ಹುಲ್ಲು ಬಂದರೂ ನಡುನಡುವೆ ಬೋಳು ಬೋಳಾದ ವೃತ್ತಗಳು ಹಾಗೇ ಉಳಿಯುತ್ತವೆ. ಅವು ಹಿಂದೆ ಇದ್ದಿಲು ಸುಡುತ್ತಿದ್ದ ಗೂಡುಗಳ ಜಾಗ. ಬಯಲಿನ ಮೂಲೆಯಲ್ಲಿ ಗುಡಿಸಲು, ಗುಡಿಸಲ ಹಿಂದೆ ಒಂದು ಸಂಪಿಗೆ ಮರ, ಮರದ ಬುಡದಲ್ಲಿ ಬಂಗಾರಮ್ಮನ ಅವ್ವ ಹೂವಿಯನ್ನು ಹೂತ ಗುಂಡಿ. ಗುಂಡಿಯ ಮೇಲೆ ಜಟ್ಯ ಪ್ರತಿ ವರ್ಷ ಹೊಸ ಮಣ್ಣು ಏರಿಸುತ್ತಿದ್ದ.

ಬಯಲು ಶಿವಯೋಗಪ್ಪ ಅಂಡ್ ಕಂಪನಿಯದು. ಶಿವಯೋಗಪ್ಪನವರು ಈಗಿಲ್ಲ. ಅವರ ತಮ್ಮ ಪರಮೇಶ್ವರಪ್ಪ, ಮಗ ಗಂಗಾಧರಪ್ಪ ಇಬ್ಬರೂ ಸೇರಿ ಶಿವಮೊಗ್ಗದಲ್ಲಿ ಟಿಂಬರ್ ಡಿಪೋ, ಲಾರಿಗಳು ನಡೆಸುತ್ತಿದ್ದರು. ದುರ್ಗಿಗುಡಿಯಲ್ಲಿ ಮಹಡಿ ಮನೆ, ಕೆಳಗೆ ಆಫೀಸು. ಆ ಮಹಡಿ ಯುದ್ಧದ ಕಾಲದಲ್ಲಿ ಎದ್ದದ್ದು. ಆಗ ಪೆಟ್ರೋಲು ಸಿಗದೆ ಬಸ್ಸು ಲಾರಿಗಳೆಲ್ಲ ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಇದ್ದಿಲಿಗೆ ಚಿನ್ನದ ಬೆಲೆ ಬಂದಿತ್ತು. ಕಂಪನಿಗೆ ಮರ ಕಾಡಿನಿಂದ ಬರುತ್ತಿತ್ತು, ಸುಡುವ ಕೈ ಮನೆಯಲ್ಲೇ ಇತ್ತು. ಜಟ್ಯನಂಥ ಹತ್ತಾರು ಸಂಸಾರಗಳು ಆ ಮನೆಯ ಹುಟ್ಟಾಳುಗಳು. ಅಜ್ಜನ ಮದುವೆಗೋ ಅಜ್ಜಿಯ ಸಾವಿಗೋ ತೆಗೆದುಕೊಂಡ ಯಾವುದೋ ಭತ್ತಕ್ಕೆ, ಹುಟ್ಟುವ ಮೊದಲೇ ಆ ಮನೆಗೆ ಸೇರಿಹೋಗಿದ್ದ ಜೀವಗಳು. ಕೂಲಿ ಅನ್ನುವುದು ಇರಲಿಲ್ಲ. ಹೊತ್ತಿಗೆ ಅಕ್ಕಿ, ವರ್ಷಕ್ಕೊಂದು ಕಂಬಳಿ, ಒಂದು ಜೊತೆ ಮೆಟ್ಟು.

ಮತ್ತೆ ಯುಗಾದಿ. ಜೀತದ ವರ್ಷ ಯುಗಾದಿಯಿಂದ ಯುಗಾದಿಗೆ. ಅವತ್ತು ಶಿವಯೋಗಪ್ಪನವರು ಜಗಲಿಯ ಮೇಲೆ ಕೂರುತ್ತಿದ್ದರು. ಆಳುಗಳು ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬರಿಗೂ ಕಂಬಳಿ, ಅದರ ಮೇಲೆ ಎರಡೆಲೆ ಒಂದಡಿಕೆ. ಕೈ ಚಾಚಿ ಆ ವೀಳ್ಯ ಹಿಡಿದರೆ ಮುಂದಿನ ಯುಗಾದಿಯವರೆಗೆ ಅವನು ಆ ಮನೆಯವನು. ಸಹಿ ಇಲ್ಲ, ಸಾಕ್ಷಿ ಇಲ್ಲ, ಎಲೆಯೇ ಎಲ್ಲ.

ಬಂಗಾರಮ್ಮ ಲಂಗ ಉಡುವ ವಯಸ್ಸಿನಲ್ಲಿದ್ದಾಗ ಒಂದು ಯುಗಾದಿಗೆ ಜಟ್ಯ ಕೈ ಚಾಚಲಿಲ್ಲ. ರೈಲ್ವೆ ಗ್ಯಾಂಗಿನಲ್ಲಿ ರೊಕ್ಕದ ಕೂಲಿ ಕೊಡುತ್ತಾರೆ ಎಂದು ಯಾರೋ ಹೇಳಿದ್ದರು. ಸಾಲಿನಲ್ಲಿ ನಿಂತವನು ತನ್ನ ಸರದಿ ಬಂದಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಹಿಂದೆ ನಿಂತಿದ್ದ ಬಂಗಾರಮ್ಮನಿಗೆ ಅಪ್ಪನ ಮುಖ ಕಾಣುತ್ತಿರಲಿಲ್ಲ. ಒಂದರೊಳಗೊಂದು ಸಿಕ್ಕಿಸಿಕೊಂಡ ಬೆರಳುಗಳು ಕಾಣುತ್ತಿದ್ದವು. ಶಿವಯೋಗಪ್ಪನವರು ಬೈಯಲಿಲ್ಲ. ಎಲೆಯನ್ನು ಹಾಗೇ ಹಿಡಿದುಕೊಂಡು, ಪಕ್ಕದಲ್ಲಿದ್ದ ಹೂವಿಯನ್ನು ನೋಡಿ, "ಗುಡಿಸಲು ಇವತ್ತೇ ಬಿಡ್ತೀರಾ, ನಾಳೆ ಬಿಡ್ತೀರಾ?" ಎಂದು ಮೆತ್ತಗೆ ಕೇಳಿದರು. ಗುಡಿಸಲಲ್ಲಿ ಹಿಂದಿನ ದಿನವೇ ಅಕ್ಕಿ ಮುಗಿದಿತ್ತು. ಹೂವಿ ಒಂದು ಹೆಜ್ಜೆ ಮುಂದೆ ಬಂದು ಸೆರಗು ಒಡ್ಡಿದಳು.

ಎಲೆ ಹಿಡಿದವಳು ಅವಳಾದ್ದರಿಂದ ಆ ವರ್ಷ ಗೂಡಿನ ಕೆಲಸ ಅವಳ ಪಾಲಿಗೂ ಬಂತು. ಇದ್ದಿಲಿನ ಗೂಡು ಎಂದರೆ ಮರದ ತುಂಡುಗಳನ್ನು ಗುಡ್ಡೆ ಹಾಕಿ, ಸೊಪ್ಪು ಮುಚ್ಚಿ, ಮೇಲೆ ಮಣ್ಣು ಬಳಿದು ಒಳಗೆ ಬೆಂಕಿ ಇಡುವುದು. ಉರಿಯಬಾರದು, ಬೇಯಬೇಕು. ಮಣ್ಣು ಬಿರಿದಲ್ಲಿ ಯಾರಾದರೂ ಮೇಲೆ ಹತ್ತಿ ಹಸಿ ಮಣ್ಣು ಮೆತ್ತಬೇಕು. ಆಷಾಢದ ಒಂದು ಬೆಳಿಗ್ಗೆ ಮಣ್ಣಿನ ಬುಟ್ಟಿ ಹಿಡಿದು ಹತ್ತಿದ ಹೂವಿಯ ಕಾಲ ಕೆಳಗೆ ಗೂಡು ಕುಸಿಯಿತು. ಕಂಪನಿಯವರು ಕಟ್ಟಿಗೆಗೂ ಸೀಮೆಣ್ಣೆಗೂ ಹೇಳಿ ಕಳಿಸಿದರು. ಜಟ್ಯ, "ಇನ್ನೊಂದ್ಸಲ ಸುಡಲ್ಲ" ಎಂದು ಸಂಪಿಗೆಯ ಬುಡದಲ್ಲಿ ತಾನೇ ಗುಂಡಿ ತೆಗೆದ. ಅವತ್ತಿನಿಂದ ಅವನು ಎಲೆ ಮುಟ್ಟಿಲ್ಲ.

ಅದೇ ವರ್ಷ ಯುದ್ಧ ಮುಗಿದು ಪೆಟ್ರೋಲು ಬಂತು. ಮುಂದಿನ ಯುಗಾದಿಗೆ ಅಂಗಳಕ್ಕೆ ಹೋದವರಿಗೆ, ಈ ಸಲ ವೀಳ್ಯ ಇಲ್ಲ, ಗೂಡು ಮುಚ್ಚಿದೀವಿ, ಎಲ್ಲಾದರೂ ಹೋಗಿ ಬದುಕಿಕೊಳ್ಳಿ ಎಂದರು. ಬಿಡುಗಡೆ ಎಂದರೆ ಅಷ್ಟೇ ಆಗಿತ್ತು. ಉಳಿದವರು ಚೆದುರಿಹೋದರು. ಜಟ್ಯ ಗುಂಡಿ ಬಿಟ್ಟು ಕದಲಲಿಲ್ಲ.

ಈಗ ಕಂಪನಿ ಬಯಲನ್ನು ಮಾರುತ್ತದೆ, ಮರ ಕೊಯ್ಯುವ ಸಾಮಿಲ್ಲು ಹಾಕುವವರು ಕೊಳ್ಳುತ್ತಾರೆ ಎಂಬ ಸುದ್ದಿ ಹಬ್ಬಿದಾಗ ಬಂಗಾರಮ್ಮ ಒಂದು ದಿನದ ಕೂಲಿ ಬಿಟ್ಟು ದುರ್ಗಿಗುಡಿಗೆ ಹೋಗಿದ್ದಳು. ಆಫೀಸಿನಲ್ಲಿ ಪರಮೇಶ್ವರಪ್ಪ, ಗಂಗಾಧರಪ್ಪ ಇಬ್ಬರೂ ಇದ್ದರು.

"ಅಯ್ಯಾ, ಗುಡಿಸಲು, ಸಂಪಿಗೆ ಮರ, ನಮ್ಮವ್ವನ ಜಾಗ, ಅಷ್ಟು ನಮ್ಮ ಹೆಸ್ರಿಗೆ ಮಾಡಿಕೊಡಿ" ಎಂದಳು.

"ಧರ್ಮಕ್ಕೆ ಕೇಳ್ತಿದೀಯಾ?" ಪರಮೇಶ್ವರಪ್ಪ ಕನ್ನಡಕದ ಮೇಲಿಂದ ನೋಡಿದರು.

"ಧರ್ಮಕ್ಕಲ್ಲ ಅಯ್ಯಾ. ನಮ್ಮಪ್ಪ ಜೀತ ಮಾಡಿದ್ದಕ್ಕೆ."

"ಜೀತ ಅಂತ ಯಾಕಮ್ಮಾ ಅಂತೀಯ? ನಮ್ಮಣ್ಣ ನಿಮ್ಮನ್ನೆಲ್ಲ ಮನೆ ಮಕ್ಕಳ ಥರ ಸಾಕಿದ್ದು ಊರಿಗೇ ಗೊತ್ತು."

"ಮನೆ ಮಕ್ಕಳಿಗೆ ಪಾಲು ಬರ್ತದಲ್ಲ ಅಯ್ಯಾ."

ಪರಮೇಶ್ವರಪ್ಪನವರ ಮುಖ ಬಿಗಿಯಿತು. "ನಾಲಿಗೆ ಚೆನ್ನಾಗಿ ಬೆಳೆಸಿದೀಯ ಮಾರಾಯ್ತಿ" ಎಂದರು. ಗಂಗಾಧರಪ್ಪ ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. ಮೇಜಿನ ಮೇಲಿದ್ದ ಪೆನ್ನನ್ನು ಸುಮ್ಮನೆ ಅತ್ತಿತ್ತ ಉರುಳಿಸಿ, "ಹೋಗಿರು. ಯೋಚನೆ ಮಾಡ್ತೀನಿ" ಎಂದಿದ್ದ.

ಆ ಯೋಚನೆ ಮುಗಿದ ಸುದ್ದಿ ತಂದವನು ಕಂಪನಿಯ ಲಾರಿ ಡ್ರೈವರ್ ಫಕ್ರುದ್ದೀನ್. ಒಂದು ಸಂಜೆ ಗಾಡಿದಾರಿಯಲ್ಲೇ ಲಾರಿ ನಿಲ್ಲಿಸಿ, ಹಾರ್ನ್ ಬಾರಿಸಿ ಕರೆದ.

"ಬಂಗಾರಕ್ಕಾ, ಬಾಯಿ ಸಿಹಿ ಮಾಡು. ಚಿಕ್ಕ ಸಾವ್ಕಾರ್ರು ಜಾಗ ಕೊಡ್ತಾರಂತೆ. ವಕೀಲರ ಹತ್ರ ಕಾಗದ ಪಕ್ಕಾ ಆಗಿದೆ. ಜಟ್ಟಣ್ಣನಿಗೆ ಮರ್ಯಾದೆ ಬೇರೆ, ನಾಲ್ಕು ಜನರ ಎದುರಿಗೆ. ಫೋಟೋ ಸಹ."

"ಯಾವತ್ತು?"

"ಯುಗಾದಿ ದಿನ. ನಾನೇ ಬಂದು ಕರ್ಕೊಂಡು ಹೋಗ್ತೀನಿ. ಎಂಜಿನ್ ಪಕ್ಕ ರಾಜನ ಥರ ಕೂರಿಸ್ಕೊಂಡು."

ಯುಗಾದಿ ಎಂಬ ಮಾತು ಬಂಗಾರಮ್ಮನಿಗೆ ಹಿಡಿಸಲಿಲ್ಲ. ಆದರೆ ಅದರ ಹಿಂದೆಯೇ ಜಾಗ ಎಂಬ ಮಾತು ಬಂದು ಕೂತಿತು. ಒಳ್ಳೆಯ ದಿನ ನೋಡಿಯೇ ಕೊಡುತ್ತಿರಬೇಕು ಎಂದುಕೊಂಡಳು.

ಜಟ್ಯ ಮಾತ್ರ ಕೇಳಿದ ತಕ್ಷಣ, "ನಾ ಬರಲ್ಲ" ಎಂದ.

"ಯಾಕಪ್ಪಾ?"

"ಯುಗಾದಿ ದಿನ ಆ ಮನೆ ಅಂಗಳಕ್ಕೆ ಕಾಲಿಡಲ್ಲ. ಬೇರೆ ಯಾವತ್ತಾದ್ರೂ ಕರೀಲಿ."

"ಅವತ್ತಿನ ಕಾಲ ಅಲ್ಲಪ್ಪ ಇದು. ಕೊಡೋದು ಕಾಗದ, ಎಲೆ ಅಲ್ಲ. ನೀ ಬರ್ದಿದ್ರೆ ಸಾಮಿಲ್ಲಿನವರು ಅವ್ವನ ಮೇಲೆ ದಿಮ್ಮಿ ಉರುಳಿಸ್ತಾರೆ. ಅದಾಗ್ಬೋದಾ?"

ಮುದುಕ ಸಂಪಿಗೆ ಮರದ ಕಡೆ ನೋಡಿದ. ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ಎಲೆ ಇರಲ್ಲ ತಾನೆ?" ಎಂದು ಕೇಳಿದ.

"ಇರಲ್ಲ" ಎಂದಳು ಬಂಗಾರಮ್ಮ. ಅವಳು ಯಾರನ್ನೂ ಕೇಳಿರಲಿಲ್ಲ.

ಯುಗಾದಿಯ ದಿನ ಜಟ್ಯ ಒಗೆದ ಪಂಚೆ ಉಟ್ಟ. ದಾರಿಯುದ್ದಕ್ಕೂ ಫಕ್ರುದ್ದೀನ್ ಏನೇನೋ ಮಾತಾಡಿದ. "ಜಟ್ಟಣ್ಣ, ಫೋಟೋದಲ್ಲಿ ಕಣ್ಣು ಮುಚ್ಚಬೇಡ ನೋಡು. ನಮ್ಮ ಖಾಜಾಬೀ ಮದುವೆ ಫೋಟೋದಲ್ಲಿ ಕಣ್ಣು ಮುಚ್ಕೊಂಡಿದಾಳೆ, ಇವತ್ತಿಗೂ ನಾನು ನಿದ್ದೆ ಮಾಡೋಳನ್ನ ಕಟ್ಕೊಂಡೆ ಅಂತ ಜನ ನಗ್ತಾರೆ." ಜಟ್ಯನೂ ಸ್ವಲ್ಪ ನಕ್ಕ. ತುಂಗೆಯ ಸೇತುವೆಯ ಹತ್ತಿರ ಬರುವ ಹೊತ್ತಿಗೆ ಅವನ ಭುಜ ಸಡಿಲವಾಗಿದ್ದನ್ನು ಬಂಗಾರಮ್ಮ ಗಮನಿಸಿದಳು.

ದುರ್ಗಿಗುಡಿಯ ಮನೆಯ ಬಾಗಿಲಿಗೆ ಮಾವಿನ ತೋರಣ, ಒಳಗಿನಿಂದ ಹೋಳಿಗೆಯ ತುಪ್ಪದ ವಾಸನೆ. ಅಂಗಳದಲ್ಲಿ ಕುರ್ಚಿ ಹಾಕಿ ಪೇಟೆಯ ನಾಲ್ಕೈದು ಜನ ವರ್ತಕರನ್ನು ಕೂರಿಸಿದ್ದರು. ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ತೆಗೆದು ಮಾಡುತ್ತಿದ್ದ. ಗಂಗಾಧರಪ್ಪ ತಾನೇ ಮೆಟ್ಟಿಲಿಳಿದು ಬಂದು ಜಟ್ಯನ ಕೈ ಹಿಡಿದು ಕರೆದುಕೊಂಡು ಹೋದ. ಆ ಮನೆಯವರು ಅವನ ಕೈ ಹಿಡಿದದ್ದು ಅದೇ ಮೊದಲು. "ಬನ್ನಿ ಜಟ್ಟಪ್ಪ" ಎಂದ. ಆ ಹೆಸರು ಯಾರದೋ ಎಂಬಂತೆ ಮುದುಕ ಒಮ್ಮೆ ಹಿಂದೆ ತಿರುಗಿ ನೋಡಿದ.

ಗಂಗಾಧರಪ್ಪನಿಗೆ ಭಾಷಣ ಬರುತ್ತಿರಲಿಲ್ಲ. ತಡವರಿಸಿಯೇ ಹೇಳಿದ. "ಈ ಕಂಪನಿ ಈ ಹಿರಿಯರ ದುಡಿಮೆಯಿಂದ ಎದ್ದದ್ದು. ನಾವು ಅದನ್ನ ಮರೆತಿದ್ವಿ. ನಾನು ಸಣ್ಣೋನಿದ್ದಾಗ ನಮ್ಮ ತಂದೆಯವರು ಯುಗಾದಿ ದಿನ ಇವರಿಗೆಲ್ಲ ಕಂಬಳಿ ಕೊಡ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅದು ನಮ್ಮನೆಯ ದೊಡ್ಡ ಹಬ್ಬ ಆಗಿತ್ತು. ಅದಕ್ಕೇ ಇವತ್ತಿನ ದಿನವೇ, ಅದೇ ಪದ್ಧತಿಯಲ್ಲೇ ಮರ್ಯಾದೆ ಮಾಡ್ಬೇಕು ಅಂತ..."

ಒಳಗಿನಿಂದ ಯಾರೋ ಹಿತ್ತಾಳೆಯ ಹರಿವಾಣ ತಂದು ಅವನ ಕೈಗೆ ಕೊಟ್ಟರು. ಮಡಿಸಿದ ಹೊಸ ಕಂಬಳಿ. ಅದರ ಮೇಲೆ ಕೆಂಪು ದಾರ ಕಟ್ಟಿದ ಕಾಗದ. ಕಾಗದದ ಮೇಲೆ ಎರಡೆಲೆ, ಒಂದಡಿಕೆ.

ಬಂಗಾರಮ್ಮ ಅಪ್ಪನ ಹಿಂದೆ ನಿಂತಿದ್ದಳು. ಅವಳಿಗೆ ಮುಖ ಕಾಣಲಿಲ್ಲ. ಅಪ್ಪನ ಎರಡು ಕೈಗಳು ನಿಧಾನವಾಗಿ ಬೆನ್ನ ಹಿಂದೆ ಬಂದದ್ದು, ಇದ್ದಿಲಿನ ಕಪ್ಪು ಇನ್ನೂ ಬಿಡದ ಬೆರಳುಗಳು ಒಂದರೊಳಗೊಂದು ಸಿಕ್ಕಿಕೊಂಡದ್ದು ಕಂಡಿತು.

"ತಗೊಳ್ಳಿ ಜಟ್ಟಪ್ಪ" ಎಂದ ಗಂಗಾಧರಪ್ಪ.

ಕೈ ಬರಲಿಲ್ಲ.

"ಏನೋ ಜಟ್ಯ, ಕೈ ಮುಂದೆ ಮಾಡೋ. ಫೋಟೋದವರು ಕಾಯ್ತಿದಾರೆ" ಎಂದರು ಪರಮೇಶ್ವರಪ್ಪ. ಕುರ್ಚಿಯಲ್ಲಿದ್ದ ಒಬ್ಬರು ಕಿಸಕ್ಕನೆ ನಕ್ಕರು. "ಮುದುಕ ನಿಮ್ಮ ಹೊಳೆದಂಡೆ ತೋಟವೇ ಬೇಕು ಅಂತಾನೇನೋ" ಎಂದರು ಇನ್ನೊಬ್ಬರು. ಪರಮೇಶ್ವರಪ್ಪ ಬಂಗಾರಮ್ಮನ ಕಡೆ ತಿರುಗಿ, "ನೋಡಮ್ಮಾ, ಹಬ್ಬದ ದಿನ. ಅವನು ತಗೊಳ್ದಿದ್ರೆ ನೀನಾದ್ರೂ ಸೆರಗೊಡ್ಡು. ಇಲ್ಲಾಂದ್ರೆ ನಾಳೆ ಸಾಮಿಲ್ಲಿನವರಿಗೆ ಪೂರ್ತಿ ಬಯಲು ಬರ್ಕೊಡ್ತೀವಿ, ಅಷ್ಟೇ" ಎಂದರು.

ಅವಳು ಒಂದು ಹೆಜ್ಜೆ ಮುಂದೆ ಬಂದದ್ದು ನಿಜ. ಸೆರಗಿನ ತುದಿ ಕೈಗೆ ಬಂದದ್ದೂ ನಿಜ. ಹರಿವಾಣದಲ್ಲಿ ಸಂಪಿಗೆ ಮರವಿತ್ತು, ಗುಡಿಸಲಿತ್ತು, ಅವ್ವ ಇದ್ದಳು. ಹಿಡಿದುಬಿಟ್ಟರೆ ಮುಗಿಯಿತು. ಬರಿ ಎರಡೆಲೆ. ಈ ಕಾಲದಲ್ಲಿ ಅದಕ್ಕೇನು ಅರ್ಥ, ಯಾರು ಕೇಳುತ್ತಾರೆ? ಹೀಗೆ ಅಂದುಕೊಳ್ಳುತ್ತಲೇ ಅವಳಿಗೆ ತನ್ನ ಕಾಲು ಎಲ್ಲಿ ನಿಂತಿದೆ ಎಂಬುದು ತಿಳಿಯಿತು. ಅಪ್ಪನ ಎಡಕ್ಕೆ, ಅರ್ಧ ಹೆಜ್ಜೆ ಮುಂದೆ. ಅವ್ವ ನಿಂತಿದ್ದ ಜಾಗ ಅದೇ. ಪಕ್ಕದಲ್ಲಿ ಅಪ್ಪ ಅವಳ ಸೆರಗನ್ನೇ ನೋಡುತ್ತಿದ್ದ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಚಿಕ್ಕ ಸಾವ್ಕಾರ್ರೇ, ಆ ಹರಿವಾಣ ಒಳಗೆ ಕಳಿಸಿ" ಎಂದಳು. ದನಿ ಅವಳು ಅಂದುಕೊಂಡಷ್ಟು ಗಟ್ಟಿ ಬರಲಿಲ್ಲ. "ನಿಮ್ಮನೇಲಿ ಯುಗಾದಿ ದಿನ ಕಂಬಳಿ ಮೇಲೆ ಎಲೆ ಇಟ್ಟು ಕೊಟ್ರೆ ಅದು ಮರ್ಯಾದೆ ಅಲ್ಲ. ಅದು ಒಂದು ವರ್ಷದ ಜೀತ. ನಿಮಗೆ ಅದು ಹಬ್ಬ ಅಂತ ನೆನಪಿರಬೋದು. ಒಂದ್ಸಲ ನಮ್ಮಪ್ಪ ಹಿಡೀಲಿಲ್ಲ. ನಮ್ಮವ್ವ ಹಿಡಿದ್ಲು. ಆಷಾಢದಲ್ಲಿ ಗೂಡಲ್ಲಿ ಬೆಂದ್ಹೋದ್ಲು. ನಾ ಹಿಡಿಯಲ್ಲ. ಜಾಗ ಹೋದ್ರೆ ಹೋಗ್ಲಿ."

ಗಂಗಾಧರಪ್ಪ ಹರಿವಾಣವನ್ನು ಹಿಡಿದುಕೊಂಡೇ ನಿಂತಿದ್ದ. ಎಲೆಗಳನ್ನು ನೋಡಿದ, ಆಮೇಲೆ ಬೆನ್ನ ಹಿಂದೆ ಹೋಗಿದ್ದ ಜಟ್ಯನ ಕೈಗಳ ಕಡೆ ನೋಡಿದ. ಅವನ ಕಿವಿ ಕೆಂಪಾಗಿತ್ತು. "ನನಗೆ... ಸಾಲಲ್ಲಿ ನಿಂತು ತಗೊಳ್ತಿದ್ರಲ್ಲ, ಎಲ್ಲಾ ಖುಷಿಯಿಂದ..." ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿಬಿಟ್ಟ.

"ಸೊಕ್ಕು. ಕೊಡೋಕೆ ಹೋದ್ರೆ ಹೀಗೆ" ಎಂದು ಪರಮೇಶ್ವರಪ್ಪ ಎದ್ದು ಒಳಗೆ ಹೋದರು.

ವಾಪಸು ಬರುವಾಗಲೂ ಫಕ್ರುದ್ದೀನನೇ ಲಾರಿ ಓಡಿಸಿದ. ಭದ್ರಾವತಿ ಹತ್ತಿರ ಬಂದಾಗ, "ನನಗೆ ಗೊತ್ತಿರ್ಲಿಲ್ಲ ಅಕ್ಕಾ. ಖುದಾ ಕಸಂ" ಎಂದ ಅಷ್ಟೆ. ಗುಡಿಸಲ ಮುಂದೆ ಇಳಿದ ಮೇಲೆ ಬಂಗಾರಮ್ಮ, "ಎಲೆ ಇರಲ್ಲ ಅಂತ ಸುಳ್ಳು ಹೇಳ್ದೆ ಕಣಪ್ಪಾ" ಎಂದಳು. ಜಟ್ಯ ಅವಳ ತಲೆಯ ಮೇಲೆ ಕೈಯಿಟ್ಟು, "ಹಿಡೀಲಿಲ್ಲವಲ್ಲ" ಎಂದ. ಅವನು ಅವತ್ತು ರಾತ್ರಿ ಕೆಮ್ಮದೆ ನಿದ್ದೆ ಮಾಡಿದ. ನಿದ್ದೆ ಬಾರದವಳು ಅವಳು. ಸಾಮಿಲ್ಲಿನ ದಿಮ್ಮಿಗಳು ಉರುಳುವ ಸದ್ದು ಕೇಳಿದಂತಾಗುತ್ತಿತ್ತು.

ಬೇಸಗೆ ಮುಗಿಯುತ್ತ ಬಂತು. ಬಯಲಿನ ಆ ತುದಿಯಿಂದ ಕಲ್ಲು ನೆಡಲು ಶುರುಮಾಡಿದರು. ಯಾರ್ಡಿನಿಂದ ಬರುವಾಗೆಲ್ಲ ಬಂಗಾರಮ್ಮ ಕಲ್ಲುಗಳು ಎಲ್ಲಿಯವರೆಗೆ ಬಂದವು ಎಂದು ನೋಡಿಕೊಂಡೇ ಬರುತ್ತಿದ್ದಳು. ಸಂಪಿಗೆ ಮರಕ್ಕೆ ಒಂದು ಕೂಗಳತೆಯಲ್ಲಿ ಅವು ನಿಂತವು. ಯಾಕೆ ನಿಂತವು ಎಂದು ಗೊತ್ತಾದದ್ದು ಒಂದು ಮಂಗಳವಾರ, ಹಬ್ಬ ಹುಣ್ಣಿಮೆ ಯಾವುದೂ ಇಲ್ಲದ ದಿನ. ಗಂಗಾಧರಪ್ಪ ಬಸ್ಸಿಳಿದು ಗಾಡಿದಾರಿಯಲ್ಲಿ ನಡೆದುಕೊಂಡು ಬಂದ. ಜೊತೆಗೆ ಯಾರೂ ಇರಲಿಲ್ಲ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು.

ಬಂಗಾರಮ್ಮ ಹಾಸಿದ ಚಾಪೆಯ ಮೇಲೆ ಕೂರದೆ ಅವನು ಮೊದಲು ಕೇಳಿದ್ದು, "ನಿಮ್ಮ ತಾಯಿಯ ಜಾಗ ಯಾವುದು?" ಎಂದು. ಜಟ್ಯ ತೋರಿಸಿದ. ಅಲ್ಲಿ ಸ್ವಲ್ಪ ಹೊತ್ತು ನಿಂತು ಬಂದ.

"ಬಯಲು ಮಾರಿದ್ದು ಮಾರಿದ್ದೇ. ಚಿಕ್ಕಪ್ಪ ಬಿಡಲಿಲ್ಲ" ಎಂದ. "ಈ ಮೂಲೆ ಮಾತ್ರ, ಅದರ ಬೆಲೆ ನನ್ನ ಪಾಲಿನಲ್ಲಿ ಮುರ್ಕೊಂಡು ಉಳಿಸ್ಕೊಂಡೆ. ಅವರು ನನ್ನ ಹತ್ರ ಮಾತು ಬಿಟ್ಟಿದಾರೆ. ಇರ್ಲಿ. ಕಾಗದ ಬರೆಸೋಕೆ ಹೋದ್ರೆ ವಕೀಲರು ದಾನಪತ್ರ ಅಂತಾರೆ. ನೀನು ಅವತ್ತೇ ಹೇಳಿದ್ದೆ, ಧರ್ಮಕ್ಕಲ್ಲ ಅಂತ. ದಾನ ಅಂತ ಬರೆಸಿದ್ರೆ ಹಿಡೀತೀಯಾ?"

"ಇಲ್ಲ."

"ಗೊತ್ತಿತ್ತು. ಅದಕ್ಕೇ ಬಂದೆ. ಇನ್ನೊಂದು ದಾರಿ ಕ್ರಯಪತ್ರ. ಮಾರಿದೀವಿ ಅಂತ. ಆದ್ರೆ ಅದರಲ್ಲಿ ಬೆಲೆ ನಮಗೆ ಬಂದು ಮುಟ್ಟಿದೆ ಅಂತ ಬರೀಬೇಕು."

ಕಂಬಕ್ಕೆ ಒರಗಿದ್ದ ಜಟ್ಯ ತಲೆ ಎತ್ತಿದ. "ಮುಟ್ಟೈತಲ್ಲ" ಎಂದ.

ಗಂಗಾಧರಪ್ಪ ಮುದುಕನನ್ನು ನೋಡಿದ. ಆಮೇಲೆ ಹೊರಗೆ, ಹುಲ್ಲು ಹುಟ್ಟದ ಕಪ್ಪು ವೃತ್ತಗಳ ಕಡೆ ನೋಡಿದ. "ಹೌದು. ಮುಟ್ಟಿದೆ" ಎಂದ. "ಹಾಗೇ ಬರೆಸ್ತೀನಿ."

"ಅಯ್ಯಾ, ಇನ್ನೊಂದು ಮಾತು" ಎಂದಳು ಬಂಗಾರಮ್ಮ. "ಸಾಲಲ್ಲಿ ನಮ್ಮಪ್ಪ ಒಬ್ನೇ ನಿಂತಿರ್ಲಿಲ್ಲ. ಅಷ್ಟೂ ಮನೆಯವರು ಈಗ ಎಲ್ಲೆಲ್ಲಿ ಅವ್ರೋ. ಅವರ ಬೆಲೆನೂ ಮುಟ್ಟೈತಲ್ಲ ನಿಮಗೆ."

"ಹುಡುಕ್ಬೇಕು" ಎಂದ ಗಂಗಾಧರಪ್ಪ. "ಹೆಸರು ಹೇಳೋಕಾಗುತ್ತಾ ನಿಮಗೆ?" ಎಂದು ಜಟ್ಯನನ್ನು ಕೇಳಿದ.

"ನೆನಪಿರೋಷ್ಟು ಹೇಳ್ತೀನಿ. ಕೂತ್ಕೊಳ್ಳಿ" ಎಂದ ಜಟ್ಯ.

ಆಗ ಗಂಗಾಧರಪ್ಪ ಚಾಪೆಯ ಮೇಲೆ ಕೂತ. ಜಟ್ಯ ಮಗಳ ಕಡೆ ತಿರುಗಿ, "ನಿನ್ ಚೀಲ ಕೊಡು" ಎಂದು ಕೈ ಚಾಚಿದ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೊಂಟದಿಂದ ಎಲೆಯ ಚೀಲ ಬಿಚ್ಚಿ ಕೊಟ್ಟಳು. ಇಷ್ಟು ವರ್ಷದಲ್ಲಿ ಅವನ ಹಲ್ಲೆಲ್ಲ ಹೋಗಿದ್ದವು, ಅಡಿಕೆಯನ್ನು ಅವಳೇ ಕಲ್ಲಿನ ಮೇಲೆ ಕುಟ್ಟಿ ಪುಡಿ ಮಾಡಿಕೊಟ್ಟಳು. ಅವನು ಎಲೆಯ ನಾರು ತೆಗೆದು, ಮರೆತ ಕೆಲಸವನ್ನು ನೆನಪು ಮಾಡಿಕೊಳ್ಳುವವನಂತೆ ನಿಧಾನವಾಗಿ ಸುಣ್ಣ ಸವರಿ, ಮಡಿಸಿ ಬಾಯಿಗಿಟ್ಟುಕೊಂಡ. ಆಮೇಲೆ ಇನ್ನೊಂದು ಎಲೆ ತೆಗೆದು ಗಂಗಾಧರಪ್ಪನ ಮುಂದೆ ಹಿಡಿದ.

ಗಂಗಾಧರಪ್ಪನ ಕೈ ಅರ್ಧಕ್ಕೆ ಬಂದು ನಿಂತಿತು.

"ಹೆದರ್ಬೇಡಿ ಅಯ್ಯಾ, ಹಿಡೀರಿ" ಎಂದ ಜಟ್ಯ, ತುಟಿಯಂಚಿನಲ್ಲಿ ಆಗಲೇ ಕೆಂಪು ಮೂಡುತ್ತಿತ್ತು. "ಇವತ್ತು ಯುಗಾದಿ ಅಲ್ಲ."

ಗಂಗಾಧರಪ್ಪ ಹಿಡಿದ. ಜಟ್ಯ ಕಂಬಕ್ಕೆ ಒರಗಿ, ಬಾಯಿಯ ರಸ ಒಂದು ಕಡೆಗೆ ಮಾಡಿಕೊಂಡು, ಸಾಲಿನಲ್ಲಿ ತನ್ನ ಮುಂದೆ ನಿಲ್ಲುತ್ತಿದ್ದವನ ಹೆಸರಿನಿಂದ ಶುರುಮಾಡಿದ.